ಮೀಟರ್ 60 ಅಂತಿದೆ, ದೋಣಿ ನಿಂತಿದೆ: ಬ್ಯಾಟರಿ ಮಾನಿಟರಿನ ದೋಷ ಹುಡುಕುವ ಬಗೆ

ಬ್ಯಾಟರಿಯಿಂದ ಓಡುವ ದೋಣಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಅಂತ ಹೇಳುವ ಮಾನಿಟರ್, ಅಂದರೆ ಮೀಟರ್, ಶೇಕಡಾ 60 ತೋರಿಸುತ್ತಿರುವಾಗಲೇ ಮೋಟಾರು ನಿಂತುಹೋದರೆ ಎಲ್ಲರೂ ಮೊದಲು ಬೈಯುವುದು ಮೀಟರನ್ನೇ. ಹೊಸದು ತಂದು ಅದೇ ತಂತಿಗಳಿಗೆ ಸಿಕ್ಕಿಸುತ್ತಾರೆ. ಅದೂ ಅದೇ ತಪ್ಪು ಲೆಕ್ಕ ಹೇಳುತ್ತದೆ. ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರಿನಲ್ಲಿ, ಸಾಣಾಪುರ ಕೆರೆಯ ದಂಡೆಯಲ್ಲಿ ಇಂಥ ದೋಣಿಗಳ ಬ್ಯಾಟರಿ ಪೆಟ್ಟಿಗೆ ತೆಗೆದು ನೋಡಿದಾಗ ಮೀಟರೇ ಕೆಟ್ಟಿದ್ದು ಅಪರೂಪ. ಕರೆಂಟು ಮೀಟರಿಗೆ ಕಾಣದ ಇನ್ನೊಂದು ದಾರಿಯಲ್ಲಿ ಹೋಗಿ ಬರುತ್ತಿತ್ತು, ಅಷ್ಟೇ. ಆ ದಾರಿ ಹುಡುಕುವುದು ಹೇಗೆ ಅನ್ನುವುದೇ ಈ ಬರಹದ ಮುಖ್ಯ ವಿಷಯ. ಉಳಿದ ದೋಷಗಳು ಅದರ ಹಿಂದೆ ಬರುತ್ತವೆ.

ದಂಡೆಯಲ್ಲಿ ಇದು ಸಣ್ಣ ತೊಂದರೆ ಅನಿಸಬಹುದು. ತುಂಗಭದ್ರಾ ಜಲಾಶಯ 1633 ಅಡಿ ತುಂಬಿದಾಗ ನೀರು ಹರಡುವುದು ಸುಮಾರು 378 ಚದರ ಕಿಲೋಮೀಟರ್. ಆಷಾಢದ ಗಾಳಿ ಎದ್ದರೆ ಅಷ್ಟು ಬಯಲು ನೀರಿನಲ್ಲಿ ಅಲೆ ಏಳುತ್ತದೆ. ಹೋಗುವಾಗ ಗಾಳಿ ಬೆನ್ನಿಗಿರುತ್ತದೆ, ಬರುವಾಗ ಮುಖಕ್ಕೆ ಹೊಡೆಯುತ್ತದೆ. ಎದುರುಗಾಳಿಯಲ್ಲಿ ಅದೇ ದೂರಕ್ಕೆ ಬ್ಯಾಟರಿ ಎಷ್ಟೋ ಜಾಸ್ತಿ ಖರ್ಚಾಗುತ್ತದೆ. ಪೆಟ್ರೋಲ್ ಇಂಜಿನ್ ಆದರೆ ಟ್ಯಾಂಕ್ ಅಲ್ಲಾಡಿಸಿ ನೋಡಬಹುದು. ಬ್ಯಾಟರಿಗೆ ಮೀಟರ್ ಬಿಟ್ಟರೆ ಬೇರೆ ಗತಿ ಇಲ್ಲ. ಅದನ್ನು ನಂಬಿ ಜನರನ್ನು ಕೂರಿಸಿಕೊಳ್ಳುವವರು ಅದು ನಿಜ ಹೇಳುತ್ತಿದೆಯಾ ಅಂತ ನೋಡಿಕೊಳ್ಳಲೇಬೇಕು.

ಕೈ ಹಾಕುವ ಮುಂಚೆ

ಉಂಗುರ, ಕೈಗಡಿಯಾರ, ಕಡಗ ತೆಗೆದಿಡಿ. 48 ವೋಲ್ಟ್ ಮುಟ್ಟಿದರೆ ಮನೆ ಕರೆಂಟಿನ ಹಾಗೆ ಹೊಡೆಯದೇ ಇರಬಹುದು. ಆದರೆ ಸ್ಪ್ಯಾನರ್ ಪಾಸಿಟಿವ್‌ಗೂ ನೆಗೆಟಿವ್‌ಗೂ ಒಟ್ಟಿಗೆ ತಾಗಿದರೆ ನೂರಾರು ಆಂಪ್ ಹರಿದು ಕಬ್ಬಿಣ ಕರಗುತ್ತದೆ. ಬೆರಳಿನ ಉಂಗುರಕ್ಕೂ ಅದೇ ಗತಿ. ಸ್ಪ್ಯಾನರಿನ ಹಿಡಿಗೆ ಟೇಪ್ ಸುತ್ತಿ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಪೆಟ್ಟಿಗೆಯ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ. ಹತ್ತಿರ ಬೀಡಿ ಬೇಡ.

ಎರಡು ಸಾಧನ ಬೇಕು. ಒಂದು, ಮಿಲಿವೋಲ್ಟ್ ಅಳೆಯುವ ಮಲ್ಟಿಮೀಟರ್. ಇನ್ನೊಂದು, ಡಿಸಿ ಆಂಪ್ ಅಳೆಯುವ ಕ್ಲ್ಯಾಂಪ್ ಮೀಟರ್. ಕಡಿಮೆ ಬೆಲೆಯ ಕ್ಲ್ಯಾಂಪ್ ಮೀಟರುಗಳು ಎಸಿ ಮಾತ್ರ ಅಳೆಯುತ್ತವೆ. ಬ್ಯಾಟರಿಯ ತಂತಿಗೆ ಹಾಕಿದರೆ ಸೊನ್ನೆ ತೋರಿಸುತ್ತವೆ, ನೋಡಿದವರು ಕರೆಂಟೇ ಹರಿಯುತ್ತಿಲ್ಲ ಅಂದುಕೊಳ್ಳುತ್ತಾರೆ. ಕೊಳ್ಳುವಾಗ ಡಿಸಿ ಆಂಪ್ ಗುರುತು ನೋಡಿ ತಗೊಳ್ಳಿ.

ಮೀಟರ್ ಎಣಿಸುವುದು ಹೇಗೆ

ಮೀಟರಿಗೆ ಬ್ಯಾಟರಿಯ ಒಳಗೆ ಏನಿದೆ ಅಂತ ಕಾಣುವುದಿಲ್ಲ. ಅದಕ್ಕೆ ಕಾಣುವುದು ಷಂಟ್ ಮಾತ್ರ. ಬ್ಯಾಟರಿಯ ನೆಗೆಟಿವ್ ದಾರಿಯಲ್ಲಿ ಕೂತಿರುವ ಆ ಹಿತ್ತಾಳೆಯ ಗಟ್ಟಿ ತುಂಡಿನ ಮೂಲಕ ಎಷ್ಟು ಕರೆಂಟ್ ಹಾದುಹೋಯಿತು, ಎಷ್ಟು ವಾಪಸ್ ಬಂತು ಅಂತ ಎಣಿಸಿ ಕೂಡಿ ಕಳೆಯುತ್ತದೆ. ಸಂಡೂರಿನ ಅದಿರಿನ ಲಾರಿ ವೇಬ್ರಿಡ್ಜ್ ಮೇಲೆ ಹತ್ತಿದರೆ ಮಾತ್ರ ಲೆಕ್ಕಕ್ಕೆ ಸಿಗುತ್ತದೆ ಅಲ್ವಾ, ಹಾಗೆ. ಪಕ್ಕದ ದಾರಿಯಲ್ಲಿ ಹೋದದ್ದು ಪುಸ್ತಕಕ್ಕೆ ಬರುವುದಿಲ್ಲ.

ಹಾಗಾಗಿ ಷಂಟಿನ ಬ್ಯಾಟರಿ ಕಡೆಯ ಬೋಲ್ಟಿಗೆ ಒಂದೇ ಒಂದು ತಂತಿ ಇರಬೇಕು, ಅದು ಬ್ಯಾಟರಿಯ ನೆಗೆಟಿವ್‌ನಿಂದ ಬಂದದ್ದಾಗಿರಬೇಕು. ಮೋಟಾರು, ಚಾರ್ಜರ್, ಸೋಲಾರ್ ಕಂಟ್ರೋಲರ್, ಲೈಟು, ಪಂಪು ಎಲ್ಲದರ ನೆಗೆಟಿವ್ ಇನ್ನೊಂದು ಬದಿಗೆ, ಅಂದರೆ ಲೋಡ್ ಬದಿಗೆ ಬರಬೇಕು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಷಂಟಿಗೆ ಹೋಗುವ ತಂತಿ ಬಿಟ್ಟು ಬೇರೇನೂ ಇರಬಾರದು.

ಮೊದಲ ತಪಾಸಣೆ: ಕಳ್ಳದಾರಿ

ಲಕ್ಷಣದಿಂದಲೇ ಅರ್ಧ ಉತ್ತರ ಸಿಗುತ್ತದೆ. ಮೀಟರ್ ನಿಜಕ್ಕಿಂತ ಜಾಸ್ತಿ ತೋರಿಸುತ್ತಿದ್ದರೆ ಯಾವುದೋ ಖರ್ಚು ಅದಕ್ಕೆ ಕಾಣುತ್ತಿಲ್ಲ. ಕಮ್ಮಿ ತೋರಿಸುತ್ತಿದ್ದರೆ ಯಾವುದೋ ಚಾರ್ಜಿಂಗ್ ಕಾಣುತ್ತಿಲ್ಲ. ದೋಣಿ ಇಡೀ ದಿನ ಓಡಿದರೂ 100 ಬಿಟ್ಟು ಇಳಿಯುತ್ತಿಲ್ಲ, ಓಡುವಾಗ ಆಂಪಿನ ಮುಂದೆ ಮೈನಸ್ ಗುರುತೂ ಇಲ್ಲ ಅಂದರೆ ಷಂಟಿನ ಎರಡು ಬದಿ ಅದಲುಬದಲಾಗಿದೆ. ಖರ್ಚನ್ನೇ ಅದು ಜಮೆ ಅಂತ ಬರೆದುಕೊಳ್ಳುತ್ತಿದೆ.

ಪರೀಕ್ಷೆ ಸುಲಭ. ಎಲ್ಲ ಆಫ್ ಮಾಡಿ. ಒಂದೊಂದನ್ನೇ ಆನ್ ಮಾಡುತ್ತಾ ಹೋಗಿ: ಲೈಟು, ಆಮೇಲೆ ಪಂಪು, ಆಮೇಲೆ ಮೋಟಾರು, ಆಮೇಲೆ ಚಾರ್ಜರ್. ಸೋಲಾರ್ ಇದ್ದರೆ ಬಿಸಿಲಿನಲ್ಲಿ ಅದನ್ನೂ ಹಾಕಿ ನೋಡಿ. ಪ್ರತಿಯೊಂದಕ್ಕೂ ಮೀಟರಿನ ಆಂಪ್ ಅಲುಗಬೇಕು. ಯಾವುದನ್ನು ಹಾಕಿದಾಗ ಅಲುಗಲಿಲ್ಲವೋ ಅದರ ನೆಗೆಟಿವ್ ತಂತಿಯನ್ನು ಕೈಯಲ್ಲೇ ಹಿಡಿದು ಕೊನೆಯವರೆಗೆ ಹೋಗಿ. ಅದು ಬ್ಯಾಟರಿಯ ಟರ್ಮಿನಲ್ಲಿನಲ್ಲೇ ಮುಗಿಯುತ್ತದೆ.

ಸೋಲಾರ್ ಹಾಕಿಸಿದಾಗ ಈ ತಪ್ಪು ತುಂಬಾ ಆಗುತ್ತದೆ. ಮನೆಯ ಮೇಲೆ ಪ್ಯಾನೆಲ್ ಕೂರಿಸಿ ರೂಢಿಯಾದವರು ಕಂಟ್ರೋಲರಿನ ಎರಡು ತಂತಿಗಳನ್ನು ಸೀದಾ ಬ್ಯಾಟರಿಗೇ ಕೊಡುತ್ತಾರೆ. ಮನೆಯಲ್ಲಿ ಅದು ಸರಿ, ಅಲ್ಲಿ ಷಂಟ್ ಇರುವುದಿಲ್ಲ. ದೋಣಿಯಲ್ಲಿ ಹಾಗೆ ಮಾಡಿದರೆ ಬ್ಯಾಟರಿ ತುಂಬಿದ್ದರೂ ಮೀಟರ್ ದಿನೇದಿನೇ ಇಳಿಯುತ್ತಲೇ ಇರುತ್ತದೆ. ದೋಣಿಯವರು ಅದನ್ನು ನೋಡಿ ಸುಮ್ನೆ ದಂಡೆಗೆ ವಾಪಸ್ ಬರುತ್ತಾರೆ. ಅಪಾಯವೇನಿಲ್ಲ, ಆದರೆ ದಿನದ ದುಡಿಮೆ ಹೋಯಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 48 ವೋಲ್ಟಿನ ದೋಣಿಯಲ್ಲಿ 12 ವೋಲ್ಟಿನ ನಾಲ್ಕು ಬ್ಯಾಟರಿ ಸಾಲಾಗಿ ಸೇರಿಸಿರುತ್ತಾರೆ, ಇ-ರಿಕ್ಷಾದಲ್ಲಿ ಇರುವ ಹಾಗೆಯೇ. ತಳದ ನೀರು ಎತ್ತುವ ಪಂಪು, ಲೈಟು, ಮೊಬೈಲ್ ಚಾರ್ಜರ್ ಎಲ್ಲ 12 ವೋಲ್ಟಿನವು. ಅವಕ್ಕೆ ಕರೆಂಟ್ ಎಲ್ಲಿಂದ? ನಾಲ್ಕರಲ್ಲಿ ಕೊನೆಯ ಬ್ಯಾಟರಿಯಿಂದ ಎರಡು ತಂತಿ ಎಳೆದುಬಿಡುತ್ತಾರೆ. ಕೆಲಸ ನಡೆಯುತ್ತದೆ. ಆದರೆ ಆ ಒಂದು ಬ್ಯಾಟರಿ ಮೋಟಾರನ್ನೂ ಎಳೆಯಬೇಕು, ಪಂಪನ್ನೂ ಎಳೆಯಬೇಕು. ಉಳಿದ ಮೂರು ಮೋಟಾರನ್ನು ಮಾತ್ರ ಎಳೆಯುತ್ತವೆ.

ಮುನಿರಾಬಾದ್ ಕಡೆ ನಾನು ನೋಡಿದ ಒಂದು ಫೈಬರ್ ದೋಣಿಯಲ್ಲಿ ಹೀಗೇ ಆಗಿತ್ತು. ಮೀಟರ್ ಅರವತ್ತರ ಆಚೀಚೆ, ಮೋಟಾರು ಮಾತ್ರ ಜೋರು ಕೊಟ್ಟ ಕೂಡಲೇ ಕಟ್. ಒಟ್ಟು ವೋಲ್ಟೇಜ್ ಅಳೆದರೆ 49ರ ಮೇಲೆ, ತಪ್ಪೇ ಕಾಣುವುದಿಲ್ಲ. ಒಂದೊಂದೇ ಬ್ಯಾಟರಿ ಅಳೆದಾಗ ಮೂರು 12.4ರ ಹತ್ತಿರ ಇದ್ದವು, ನೆಗೆಟಿವ್ ತುದಿಯದ್ದು 12ಕ್ಕಿಂತ ಕೆಳಗೆ. ಆಮೇಲೆ ಮೋಟಾರು ತಿರುಗಿಸುತ್ತಾ ಅದೇ ಬ್ಯಾಟರಿಯ ಮೇಲೆ ಮಲ್ಟಿಮೀಟರಿನ ಮುಳ್ಳು ಇಟ್ಟೆವು. ವೋಲ್ಟೇಜ್ ಕಣ್ಣೆದುರೇ 9ಕ್ಕೆ ಜಾರಿತು. ಉಳಿದವು ಹನ್ನೊಂದೂವರೆಗಿಂತ ಕೆಳಗೆ ಬರಲಿಲ್ಲ. ಮೋಟಾರಿನ ಕಂಟ್ರೋಲರಿಗೆ ಒಟ್ಟು ವೋಲ್ಟೇಜ್ ಕುಸಿದದ್ದು ಕಂಡು ಮೋಟಾರು ನಿಲ್ಲಿಸುತ್ತಿತ್ತು, ಅದರ ಕೆಲಸ ಅದು ಸರಿಯಾಗೇ ಮಾಡುತ್ತಿತ್ತು. ಪಂಪಿನ ಕೆಂಪು ತಂತಿಯ ಕೊನೆಯನ್ನು ಆ ಬ್ಯಾಟರಿಯ ಪಾಸಿಟಿವ್ ಲಗ್ಗಿನ (ದಪ್ಪ ತಂತಿಯ ತುದಿಗೆ ಹಾಕುವ ತಾಮ್ರದ ಬಳೆ) ಅಡಿಗೆ ಸಿಕ್ಕಿಸಿದ್ದರು. ಅದರ ಮೇಲೆ ಹಸಿರು ಕಿಲುಬು ಎಷ್ಟು ಬೆಳೆದಿತ್ತೆಂದರೆ ತಂತಿ ಇದೆ ಅನ್ನುವುದೇ ಮೇಲಿನಿಂದ ಕಾಣುತ್ತಿರಲಿಲ್ಲ.

ಇಲ್ಲಿ ಪಂಪಿನ ನೆಗೆಟಿವ್ ತಂತಿಯನ್ನು ಷಂಟಿನ ಆಚೆ ಬದಿಗೆ ಹಾಕಿದರೂ ರೋಗ ವಾಸಿಯಾಗುವುದಿಲ್ಲ. ಮೀಟರ್ ಆಗ ಖರ್ಚನ್ನು ಎಣಿಸುತ್ತದೆ, ಆದರೆ ನಾಲ್ಕೂ ಬ್ಯಾಟರಿ ಸಮನಾಗಿ ಖಾಲಿಯಾದವು ಅಂದುಕೊಳ್ಳುತ್ತದೆ. ನಿಜವಾದ ಪರಿಹಾರ ಒಂದೇ: 48ನ್ನು 12 ಮಾಡುವ ಡಿಸಿ ಕನ್ವರ್ಟರ್ ಹಾಕಿ, ಅದರ ಪಾಸಿಟಿವ್ ನಾಲ್ಕರ ಪಾಸಿಟಿವ್ ತುದಿಯಿಂದ ಫ್ಯೂಸ್ ಮೂಲಕ ಬರಲಿ, ನೆಗೆಟಿವ್ ಷಂಟಿನ ಲೋಡ್ ಬದಿಯಿಂದ. ಆಗ ನಾಲ್ಕೂ ಸಮನಾಗಿ ದುಡಿಯುತ್ತವೆ. ಸೋತ ಬ್ಯಾಟರಿಯನ್ನು 12 ವೋಲ್ಟಿನ ಚಾರ್ಜರಿನಲ್ಲಿ ಬೇರೆಯಾಗಿ ಪೂರ್ತಿ ತುಂಬಿಸಿ, ಒಂದು ರಾತ್ರಿ ಬಿಟ್ಟು ಅಳೆಯಿರಿ. ಉಳಿದ ಮೂರರ ಜೊತೆ ನಿಲ್ಲದಿದ್ದರೆ ಅದು ಹೋದ ಹಾಗೆಯೇ.

ಷಂಟಿನ ಮೇಲೆ ಕಣ್ಣು

ಕಳ್ಳದಾರಿ ಇಲ್ಲ, ಆದರೂ ಆಂಪ್ ಸರಿ ಇಲ್ಲ ಅನಿಸಿದರೆ ಕ್ಲ್ಯಾಂಪ್ ಮೀಟರ್ ತೆಗೆಯಿರಿ. ಮೋಟಾರು ಒಂದೇ ವೇಗದಲ್ಲಿ ಓಡುತ್ತಿರಲಿ. ಷಂಟಿನಿಂದ ಬ್ಯಾಟರಿಗೆ ಹೋಗುವ ತಂತಿಗೆ ಕ್ಲ್ಯಾಂಪ್ ಹಾಕಿ ಎರಡೂ ಅಂಕಿ ಹೋಲಿಸಿ. ಒಂದೆರಡು ಆಂಪ್ ವ್ಯತ್ಯಾಸ ಇರಲಿ. ಒಂದೂವರೆ ಪಟ್ಟು, ಎರಡು ಪಟ್ಟು ಇದ್ದರೆ ಷಂಟ್ ಮತ್ತು ಸೆಟ್ಟಿಂಗ್ ಹೊಂದಿಕೆಯಾಗಿಲ್ಲ.

ಷಂಟಿನ ಮೇಲೆ ಎರಡು ಅಂಕಿ ಕೊರೆದಿರುತ್ತಾರೆ. 500 ಆಂಪ್, 50 ಮಿಲಿವೋಲ್ಟ್ ಅಂತಿದ್ದರೆ 10 ಆಂಪಿಗೆ 1 ಮಿಲಿವೋಲ್ಟ್. ಮೋಟಾರು 60 ಆಂಪ್ ಎಳೆದರೆ ಷಂಟಿನ ಎರಡು ಸಣ್ಣ ಸ್ಕ್ರೂಗಳ ನಡುವೆ 6 ಮಿಲಿವೋಲ್ಟ್ ಸಿಗಬೇಕು. ನಮ್ಮ ಕಡೆ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವ ಷಂಟುಗಳು ಬಹಳಷ್ಟು 75 ಮಿಲಿವೋಲ್ಟಿನವು. ಹಳೇ ಷಂಟ್ ಸುಟ್ಟಿತು ಅಂತ 500 ಆಂಪ್ ಮಾತ್ರ ನೋಡಿ ಅದನ್ನು ತಂದು ಹಾಕಿದರೆ ಅದೇ 60 ಆಂಪಿಗೆ 9 ಮಿಲಿವೋಲ್ಟ್ ಬರುತ್ತದೆ, ಮೀಟರ್ 90 ಆಂಪ್ ಅನ್ನುತ್ತದೆ. ಬ್ಯಾಟರಿಯ ಮೂರನೇ ಒಂದು ಭಾಗ ಉಳಿದಿರುವಾಗಲೇ ಖಾಲಿ ಅನ್ನುತ್ತದೆ. ಕೆಲವು ಮೀಟರುಗಳಲ್ಲಿ ಷಂಟಿನ ಅಂಕಿ ಬದಲಾಯಿಸಬಹುದು. ಆಗದಿದ್ದರೆ ಮೀಟರಿನ ಜೊತೆ ಬಂದ ಷಂಟನ್ನೇ ಹಾಕಬೇಕು.

ಇನ್ನೊಂದು ಸೂಕ್ಷ್ಮ. ಆ ಸಣ್ಣ ಸ್ಕ್ರೂಗಳು ಸುಮ್ನೆ ಇಟ್ಟದ್ದಲ್ಲ. ಮೀಟರಿಗೆ ಹೋಗುವ ತೆಳು ತಂತಿಗಳು ಅವಕ್ಕೇ ಬರಬೇಕು. ಸ್ಕ್ರೂ ಸವೆದಿದೆ ಅಂತ ತೆಳು ತಂತಿಯನ್ನು ದೊಡ್ಡ ಬೋಲ್ಟಿನಡಿ, ಲಗ್ಗಿನ ಮೇಲೆ ಸಿಕ್ಕಿಸಿದರೆ ಏನಾಗುತ್ತದೆ? ಲಗ್ಗಿಗೂ ಹಿತ್ತಾಳೆಗೂ ನಡುವೆ ಬೀಳುವ ವೋಲ್ಟೇಜೂ ಲೆಕ್ಕಕ್ಕೆ ಸೇರುತ್ತದೆ. ಇಡೀ ಷಂಟಿನ ತಡೆಯೇ ಒಂದು ಓಮಿನ ಹತ್ತು ಸಾವಿರದಲ್ಲೊಂದು ಭಾಗ. ಬೋಲ್ಟ್ ಸ್ವಲ್ಪ ಸಡಿಲವಾದರೆ, ಸ್ವಲ್ಪ ಕಿಲುಬು ಹಿಡಿದರೆ ಆ ಜಾಗದ ತಡೆಯೇ ಅದಕ್ಕಿಂತ ಜಾಸ್ತಿ. ಆಗ ಆಂಪ್ ಬಿಸಿಲೇರಿದ ಹಾಗೆ ಏರುಪೇರಾಗುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಬೋಲ್ಟ್ ಬಿಚ್ಚಿದಾಗ ಲಗ್ಗಿಗೂ ಷಂಟಿಗೂ ನಡುವೆ ವಾಷರ್ ಇದೆಯಾ ನೋಡಿ. ಇರಬಾರದು. ಲಗ್ಗಿನ ತಾಮ್ರ ಷಂಟಿನ ಹಿತ್ತಾಳೆಗೆ ಸೀದಾ ಕೂರಬೇಕು. ವಾಷರ್, ಸ್ಪ್ರಿಂಗ್ ವಾಷರ್ ಎಲ್ಲ ಲಗ್ಗಿನ ಮೇಲೆ, ನಟ್ಟಿನ ಕೆಳಗೆ. ಸ್ಟೀಲ್ ವಾಷರ್ ನಡುವೆ ಸಿಕ್ಕರೆ ಕರೆಂಟೆಲ್ಲ ಅದರ ಮೂಲಕವೇ ಹೋಗಬೇಕು, ಆ ಜಾಗ ಕಾಯುತ್ತದೆ. ಮೋಟಾರು ಓಡುತ್ತಿರುವಾಗ ಮಲ್ಟಿಮೀಟರಿನ ಒಂದು ಮುಳ್ಳು ಲಗ್ಗಿನ ಮೇಲೆ, ಇನ್ನೊಂದು ಷಂಟಿನ ಹಿತ್ತಾಳೆಯ ಮೇಲೆ ಇಟ್ಟು ಅಳೆಯಿರಿ. ಒಳ್ಳೆಯ ಜೋಡಣೆಯಲ್ಲಿ ಒಂದೆರಡು ಮಿಲಿವೋಲ್ಟೂ ಬರುವುದಿಲ್ಲ. 60 ಆಂಪಿಗೆ 50 ಮಿಲಿವೋಲ್ಟ್ ಬಂದರೆ ಆ ಒಂದು ಬೋಲ್ಟಿನಡಿ 3 ವ್ಯಾಟ್ ಶಾಖ ಹುಟ್ಟುತ್ತಿದೆ ಅಂತ ಅರ್ಥ. ಏಪ್ರಿಲ್‌ನಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಆ ಶಾಖಕ್ಕೆ ಹೋಗಲು ಜಾಗ ಇಲ್ಲ.

ಸೊನ್ನೆ ಸೊನ್ನೆಯಾಗಿಲ್ಲದಿದ್ದರೆ

ಎಲ್ಲ ಆಫ್ ಇದ್ದರೂ ಮೀಟರ್ 0.3 ಆಂಪ್ ಅಂತ ತೋರಿಸಿದರೆ ಪರವಾಗಿಲ್ಲ ಅನಿಸುತ್ತದೆ. ಲೆಕ್ಕ ಹಾಕಿ: ದಿನಕ್ಕೆ 7 ಆಂಪ್-ಅವರ್ ಚಿಲ್ಲರೆ, ವಾರಕ್ಕೆ 50. ದೋಣಿ ವಾರ ನಿಂತಿದ್ದರೆ 100 ಆಂಪ್-ಅವರ್ ಬ್ಯಾಟರಿಯ ಅರ್ಧ ಲೆಕ್ಕ ತಪ್ಪಿಹೋಯಿತು. ಮೊದಲು ಷಂಟಿನ ಲೋಡ್ ಬದಿಯ ತಂತಿಗಳನ್ನೆಲ್ಲ ಬಿಚ್ಚಿ. ಆಗ ಅಂಕಿ ಸೊನ್ನೆಗೆ ಬಂದರೆ ಯಾವುದೋ ಉಪಕರಣ ನಿಜವಾಗಿಯೂ ಕರೆಂಟ್ ಕುಡಿಯುತ್ತಿದೆ, ಅದನ್ನು ಹುಡುಕಿ. ಬಿಚ್ಚಿದ ಮೇಲೂ 0.3 ಉಳಿದರೆ ಮೀಟರಿನ ಮೆನುವಿನಲ್ಲಿ ಸೊನ್ನೆ ಹೊಂದಿಸಿ. ತಂತಿ ಬಿಚ್ಚದೆ ಸೊನ್ನೆ ಹೊಂದಿಸಿದರೆ ಆ ಸೋರಿಕೆಯನ್ನು ಕಾಣಬೇಡ ಅಂತ ಮೀಟರಿಗೆ ನೀವೇ ಹೇಳಿಕೊಟ್ಟ ಹಾಗೆ.

ಷಂಟ್ ಇಲ್ಲದೆ, ತಂತಿಯ ಸುತ್ತ ಬಳೆಯ ಹಾಗೆ ಕೂರುವ ಹಾಲ್ ಸೆನ್ಸರಿನ ಮೀಟರುಗಳಲ್ಲಿ ಈ ಸೊನ್ನೆಯ ಕಾಟ ಜಾಸ್ತಿ. ಬಿಸಿಯಾದರೆ ಅವುಗಳ ಸೊನ್ನೆ ಜಾರುತ್ತದೆ. ರಾಯಚೂರು, ಬಳ್ಳಾರಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಇನ್ನೂ ಮೇಲೆ. ಬೆಳಿಗ್ಗೆ ಸೊನ್ನೆ ಇದ್ದದ್ದು ಮಧ್ಯಾಹ್ನ ಅರ್ಧ ಆಂಪ್ ಆಗಬಹುದು. ನಮ್ಮ ಕಡೆಯ ದೋಣಿಗೆ ನಾನು ಷಂಟಿನದ್ದನ್ನೇ ಹೇಳುತ್ತೇನೆ.

ಪದೇಪದೇ 100ಕ್ಕೆ ಹಾರುವ ಮೀಟರ್

ರಾತ್ರಿ 45 ಇತ್ತು, ಬೆಳಿಗ್ಗೆ ಚಾರ್ಜರ್ ಹಾಕದೆಯೇ 100. ಇದಕ್ಕೆ ಎರಡು ಕಾರಣ ಇರಬಹುದು.

ಒಂದು, ಮೀಟರಿನ ಕರೆಂಟ್ ನಡುವೆ ಹೋಗಿ ಬಂದಿದೆ. ಎಷ್ಟೋ ಮೀಟರುಗಳು ಹೊಸದಾಗಿ ಎಚ್ಚರವಾದಾಗ ಬ್ಯಾಟರಿ ತುಂಬಿದೆ ಅಂದುಕೊಂಡೇ ಶುರು ಮಾಡುತ್ತವೆ. ಮೀಟರಿನ ತೆಳು ಪಾಸಿಟಿವ್ ತಂತಿ ಮೇನ್ ಸ್ವಿಚ್ಚಿನ ಆಚೆ ಬದಿಯಿಂದ ತಗೊಂಡಿದ್ದರೆ, ರಾತ್ರಿ ಸ್ವಿಚ್ ಆಫ್ ಮಾಡಿದಾಗಲೆಲ್ಲ ಅದರ ನೆನಪು ಅಳಿಸಿಹೋಗುತ್ತದೆ. ಆ ತಂತಿ ಸ್ವಿಚ್ಚಿಗೂ ಮುಂಚೆ, ಸೀದಾ ಬ್ಯಾಟರಿಯ ಪಾಸಿಟಿವ್‌ನಿಂದ ಬರಬೇಕು. ಅದರಲ್ಲಿ ಸಣ್ಣ ಫ್ಯೂಸ್ ಇರಬೇಕು, ಸಾಮಾನ್ಯವಾಗಿ 1 ಆಂಪಿನದು, ಬ್ಯಾಟರಿಯ ಪಕ್ಕದಲ್ಲೇ. ಫ್ಯೂಸ್ ಇಡುವ ಗೂಡನ್ನು ಬಿಚ್ಚಿ ನೋಡಿ. ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಅಲೆಗೆ ದೋಣಿ ಕುಲುಕಿದಾಗ ಕ್ಷಣ ಮಾತ್ರ ಕರೆಂಟ್ ತಪ್ಪುತ್ತದೆ. ಅಷ್ಟೇ ಸಾಕು. ದಂಡೆಯಲ್ಲಿ ಪರೀಕ್ಷೆ ಮಾಡುವಾಗ ಆ ಗೂಡನ್ನು ಬೆರಳಿನಿಂದ ಅಲ್ಲಾಡಿಸುತ್ತಾ ಪರದೆ ನೋಡಿ.

ಎರಡು, ಮೀಟರ್ ಬ್ಯಾಟರಿ ತುಂಬಿತು ಅಂತ ತಪ್ಪಾಗಿ ತೀರ್ಮಾನಿಸಿದೆ. ವೋಲ್ಟೇಜ್ ಒಂದು ಗುರುತು ದಾಟಿ, ಚಾರ್ಜಿಂಗ್ ಕರೆಂಟ್ ಬ್ಯಾಟರಿಯ ಸಾಮರ್ಥ್ಯದ ಶೇಕಡಾ 4ರ ಆಸುಪಾಸಿಗೆ ಇಳಿದು, ಕೆಲವು ನಿಮಿಷ ಹಾಗೇ ನಿಂತರೆ ಅದು 100 ಅಂತ ಬರೆದುಕೊಳ್ಳುತ್ತದೆ. ಸೋಲಾರ್ ಇರುವ ದೋಣಿಯಲ್ಲಿ ಮೋಡ ಮುಚ್ಚಿದರೆ ಕರೆಂಟ್ ತಾನಾಗಿ ಇಳಿಯುತ್ತದೆ. ವೋಲ್ಟೇಜಿನ ಗುರುತು ಕೆಳಗಿದ್ದರೆ ಮೀಟರ್ ಮೋಸ ಹೋಗುತ್ತದೆ. ಆ ಗುರುತನ್ನು ಚಾರ್ಜರ್ ಕೊನೆಗೆ ಮುಟ್ಟುವ ವೋಲ್ಟೇಜಿಗಿಂತ ಸ್ವಲ್ಪವೇ ಕೆಳಗೆ ಇಡಿ. ಚಾರ್ಜರ್ 57.6ಕ್ಕೆ ಹೋಗುವುದಾದರೆ 56.5ರ ಹತ್ತಿರ. ಸೋಲಾರ್ ಇದ್ದರೆ ಕಾಯುವ ನಿಮಿಷಗಳನ್ನೂ ಹೆಚ್ಚಿಸಿ.

ಇದರ ಉಲ್ಟಾ ತೊಂದರೆಯೂ ಇದೆ. ಗುರುತು ಚಾರ್ಜರಿಗಿಂತ ಮೇಲಿದ್ದರೆ ಮೀಟರ್ ಎಂದೂ 100 ಅನ್ನುವುದಿಲ್ಲ, ಸಣ್ಣ ಸಣ್ಣ ತಪ್ಪು ಸೇರುತ್ತಾ ದಿನೇದಿನೇ ದೂರ ಹೋಗುತ್ತದೆ. ರಾತ್ರಿ ಚಾರ್ಜಿಗೆ ಹಾಕಿದಾಗ ಕರೆಂಟ್ ಹೋಗಿ, ಬೆಳಿಗ್ಗೆ ಅರ್ಧ ತುಂಬಿದ್ದನ್ನೇ ತಗೊಂಡು ಹೊರಡುವ ದೋಣಿಗಳಲ್ಲೂ ಇದೇ ಕಥೆ. ವಾರಕ್ಕೊಮ್ಮೆಯಾದರೂ ಪೂರ್ತಿ ತುಂಬಿಸಿ. ಆಗ ಮೀಟರ್ ತನ್ನ ಲೆಕ್ಕ ತಾನೇ ಸರಿ ಮಾಡಿಕೊಳ್ಳುತ್ತದೆ.

ಬ್ಯಾಟರಿ ಮೇಲೆ ಬರೆದ ಅಂಕಿ

150 ಆಂಪ್-ಅವರ್ ಅಂತ ಟ್ಯೂಬುಲರ್ ಬ್ಯಾಟರಿಯ ಮೇಲೆ ಬರೆದಿದ್ದರೆ ಅದು ಸಾಮಾನ್ಯವಾಗಿ 20 ಗಂಟೆಯ ಲೆಕ್ಕ: ಏಳೂವರೆ ಆಂಪಿನಂತೆ ನಿಧಾನಕ್ಕೆ ತೆಗೆದರೆ 150. ದೋಣಿಯ ಮೋಟಾರು ಹಾಗೆ ನಿಧಾನಕ್ಕೆ ಎಳೆಯುವುದಿಲ್ಲ. 3 ಕಿಲೋವ್ಯಾಟಿನ ಮೋಟಾರು ಪೂರ್ತಿ ಜೋರಿನಲ್ಲಿ 60 ಆಂಪ್ ಎಳೆದರೆ, ಪ್ಯೂಕರ್ಟ್ ಅಂಕಿ (ಜೋರಾಗಿ ಎಳೆದಾಗ ಬ್ಯಾಟರಿ ಕೊಡುವುದು ಎಷ್ಟು ಕಮ್ಮಿಯಾಗುತ್ತದೆ ಅನ್ನುವ ಅಳತೆ) 1.25 ಇರುವ ಲೆಡ್ ಬ್ಯಾಟರಿ ಕೊಡುವುದು ಸುಮಾರು 90 ಆಂಪ್-ಅವರ್, ಅಂದರೆ ಒಂದೂವರೆ ಗಂಟೆ. ಮೀಟರಿನಲ್ಲಿ ಈ ಅಂಕಿ 1.0 ಅಂತ ಇದ್ದರೆ ಅದು 150ನ್ನೇ ನಂಬಿ ಕೂತಿರುತ್ತದೆ. ಲಿಥಿಯಂ ಫಾಸ್ಫೇಟ್ ಬ್ಯಾಟರಿಗೆ 1.05 ಹಾಕಬೇಕು, ಅಲ್ಲಿ ಈ ನಷ್ಟ ತುಂಬಾ ಕಮ್ಮಿ. ಲೆಡ್ ತೆಗೆದು ಲಿಥಿಯಂ ಹಾಕಿಸಿದವರು ಮೀಟರಿನ ಹಳೇ ಸೆಟ್ಟಿಂಗ್ ಹಾಗೇ ಬಿಡುವುದು ಸಾಮಾನ್ಯ. ಸಾಮರ್ಥ್ಯ, ಪ್ಯೂಕರ್ಟ್, ತುಂಬಿದ ವೋಲ್ಟೇಜ್, ಚಾರ್ಜಿಂಗ್ ದಕ್ಷತೆ, ಈ ನಾಲ್ಕನ್ನೂ ಬದಲಾಯಿಸಿ. ದಕ್ಷತೆ ಲಿಥಿಯಂಗೆ 99ರ ಹತ್ತಿರ, ನೀರು ಹಾಕುವ ಲೆಡ್‌ಗೆ 85ರ ಆಸುಪಾಸು.

ಲಿಥಿಯಂ ಇದ್ದವರು ವೋಲ್ಟೇಜ್ ನೋಡಿ ಶೇಕಡಾ ಊಹಿಸಬೇಡಿ. ಅದರ ವೋಲ್ಟೇಜ್ ನಡುವಿನ ಬಹುಪಾಲು ದೂರ ಹೆಚ್ಚುಕಮ್ಮಿ ಒಂದೇ ಸಮ ಇದ್ದು ಕೊನೆಗೆ ಧುಪ್ಪನೆ ಬೀಳುತ್ತದೆ.

ಮೀಟರ್ ಸರಿ ಇದೆ, ದೋಣಿಗೇ ಏನೋ ಆಗಿದೆ

ಆಂಪ್ ಇದ್ದಕ್ಕಿದ್ದ ಹಾಗೆ ಜಾಸ್ತಿಯಾದರೆ ಮೀಟರನ್ನು ಅನುಮಾನಿಸುವ ಮುಂಚೆ ಮೋಟಾರು ಎತ್ತಿ ನೋಡಿ. ಹಿನ್ನೀರಿನಲ್ಲಿ ಹರಿದ ನೈಲಾನ್ ಬಲೆಯ ಚೂರುಗಳು ಎಲ್ಲ ಕಡೆ ತೇಲುತ್ತವೆ. ಪ್ರೊಪೆಲ್ಲರ್ ತೆಗೆದರೆ ಶಾಫ್ಟಿನ ಸುತ್ತ ಅದು ದಾರದ ಉಂಡೆಯಾಗಿ ಬಿಗಿದಿರುತ್ತದೆ. ಬಿಸಿಗೆ ಕರಗಿ ಗಟ್ಟಿಯಾದದ್ದೂ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಪ್ರೊಪೆಲ್ಲರ್ ಹೂಳು ಕಡೆಯುತ್ತದೆ, ಆಗಲೂ ಆಂಪ್ ಏರುತ್ತದೆ. ಶಾಂತ ನೀರಿನಲ್ಲಿ, ಖಾಲಿ ದೋಣಿಯಲ್ಲಿ, ಒಂದು ಗೊತ್ತಾದ ವೇಗಕ್ಕೆ ಎಷ್ಟು ಆಂಪ್ ಅಂತ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಡಿ. ಹೋಲಿಸಲು ಒಂದು ಅಂಕಿ ಇದ್ದರೆ ಅರ್ಧ ಕೆಲಸ ಉಳಿಯುತ್ತದೆ.

ಮೇ ತಿಂಗಳ ಮಧ್ಯಾಹ್ನ ಲಿಥಿಯಂ ಬ್ಯಾಟರಿಗೆ ಚಾರ್ಜರ್ ಹಾಕಿದರೂ ಆಂಪ್ ಸೊನ್ನೆ ತೋರಿಸಿದರೆ ಅದೂ ದೋಷ ಅಲ್ಲದೇ ಇರಬಹುದು. ಬಹಳಷ್ಟು ಸೆಲ್ಲುಗಳಿಗೆ ಚಾರ್ಜಿಂಗಿನ ಮಿತಿ 45 ಡಿಗ್ರಿ. ಅದು ದಾಟಿದರೆ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್, ಚಾರ್ಜಿಂಗ್ ನಿಲ್ಲಿಸುತ್ತದೆ. ನೆರಳಿಗೆ ತಂದು, ಸಂಜೆ ತಂಪಾದ ಮೇಲೆ ಹಾಕಿ.

ಮತ್ತೆ ಕೆಡದ ಹಾಗೆ ಕೂರಿಸುವುದು

ಷಂಟನ್ನು ದೋಣಿಯ ತಳದಲ್ಲಿ ಇಡಬೇಡಿ. ಅಲ್ಲಿ ನೀರು ನಿಲ್ಲುತ್ತದೆ. ನೀರು ಹಾಕುವ ಬ್ಯಾಟರಿಯ ನೆತ್ತಿಯ ಮೇಲೂ ಬೇಡ, ಆಸಿಡ್ ಹಬೆ ಅದರ ಸಣ್ಣ ಸರ್ಕ್ಯೂಟ್ ಹಲಗೆಯನ್ನು ತಿನ್ನುತ್ತದೆ. ಬ್ಯಾಟರಿಯ ಪಕ್ಕದ ಗೋಡೆಗೆ, ಎತ್ತರದಲ್ಲಿ, ಬೇರೆ ಚಿಕ್ಕ ಪೆಟ್ಟಿಗೆಯಲ್ಲಿ ನಿಲ್ಲಿಸಿ. ತಂತಿಗಳು ಪೆಟ್ಟಿಗೆಯ ಕೆಳಗಿನಿಂದ ಗ್ಲ್ಯಾಂಡ್ (ನೀರು ನುಗ್ಗದಂತೆ ತಂತಿಯ ಸುತ್ತ ಬಿಗಿಯುವ ಬಿರಡೆ) ಮೂಲಕ ಒಳಗೆ ಬರಲಿ. ಬರುವ ಮುಂಚೆ ತಂತಿ ಒಮ್ಮೆ ಕೆಳಗೆ ಬಾಗಿ ಮೇಲೆ ಹೋಗಲಿ, ಹನಿ ಆ ಬಾಗಿನಲ್ಲೇ ಉದುರುತ್ತದೆ.

ತುಂಗಭದ್ರೆಯದು ಸಿಹಿನೀರು, ಸಮುದ್ರದ ಹಾಗೆ ತಿನ್ನುವುದಿಲ್ಲ ಅಂತ ಹಲವರು ಲಗ್ಗುಗಳ ಬಗ್ಗೆ ಅಸಡ್ಡೆ ಮಾಡುತ್ತಾರೆ. ಒದ್ದೆ ತಂತಿಯಲ್ಲಿ 48 ವೋಲ್ಟ್ ನಿಂತಿದ್ದರೆ ಸಿಹಿನೀರೂ ತಾಮ್ರವನ್ನು ಕರಗಿಸುತ್ತದೆ. ಪಾಸಿಟಿವ್ ಬದಿಯ ತೆಳು ತಂತಿ ಮೊದಲು ಹೋಗುತ್ತದೆ. ಮಳೆಗಾಲದ ಕೆಂಪು ನೀರು ಒಣಗಿದ ಮೇಲೆ ಬಿಡುವ ಮಣ್ಣು ತೇವ ಹಿಡಿದಿಟ್ಟುಕೊಳ್ಳುತ್ತದೆ. ತವರ ಲೇಪಿಸಿದ ಲಗ್ ಹಾಕಿ, ಸರಿಯಾದ ಉಪಕರಣದಲ್ಲಿ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸುತ್ತಿ. ಸುತ್ತಿಗೆಯಲ್ಲಿ ಜಜ್ಜಿದ ಲಗ್ಗಿನೊಳಗೆ ನೀರು ನುಗ್ಗುತ್ತದೆ, ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಬೋಲ್ಟ್ ಬಿಗಿ ಮಾಡಿದ ಮೇಲೆ ಹೊರಗಡೆ ವ್ಯಾಸಲೀನ್ ಅಥವಾ ಟರ್ಮಿನಲ್ ಗ್ರೀಸ್ ಸವರಿ. ಬಿಗಿ ಮಾಡುವ ಮುಂಚೆ ಎರಡು ಲೋಹಗಳ ನಡುವೆ ಮೆತ್ತಬೇಡಿ.

ಪರದೆಯ ಮುಖಕ್ಕೆ ಮಾತ್ರ ನೀರಿನ ರಕ್ಷಣೆ ಇರುತ್ತದೆ, ಬೆನ್ನಿಗೆ ಇರುವುದಿಲ್ಲ. ಅಂಚಿನ ರಬ್ಬರ್ ಸರಿಯಾಗಿ ಕೂತಿರಬೇಕು. ಬಿಸಿಲಿಗೆ ನೇರ ಮುಖ ಮಾಡಿದ ಪರದೆ ಒಂದೆರಡು ಬೇಸಿಗೆಯಲ್ಲಿ ಕಪ್ಪಾಗುತ್ತದೆ. ಬಾಗಿಸಿ ಕೂರಿಸಿ, ಓಡಿಸದಾಗ ಮೇಲೊಂದು ಮುಚ್ಚಳ ಹಾಕಿ. ದೋಣಿ ದಂಡೆಗೆ ಎಳೆದಿಟ್ಟ ತಿಂಗಳುಗಳಲ್ಲಿ ಇಲಿ ತಂತಿ ಕಡಿಯುತ್ತದೆ, ಇರುವೆ ಪೆಟ್ಟಿಗೆಯಲ್ಲಿ ಗೂಡು ಕಟ್ಟುತ್ತದೆ. ಗ್ಲ್ಯಾಂಡುಗಳ ಖಾಲಿ ತೂತು ಮುಚ್ಚಿ.

ಹೀಗೆ ಎಳೆದಿಟ್ಟ ಕಾಲದಲ್ಲೇ ಬ್ಯಾಟರಿಯ ನಿಜವಾದ ಸಾಮರ್ಥ್ಯ ಅಳೆಯುವುದು ಒಳ್ಳೆಯದು. ಪೂರ್ತಿ ತುಂಬಿಸಿ, ಒಂದೇ ಸಮನಾದ ಲೋಡ್ ಹಾಕಿ. ಲೆಡ್ ಆದರೆ ಬ್ಯಾಟರಿಗೆ ಹತ್ತೂವರೆ ವೋಲ್ಟ್ ಬಂದಾಗ, ಲಿಥಿಯಂ ಆದರೆ ಬಿಎಂಎಸ್ ಕಡಿದಾಗ ನಿಲ್ಲಿಸಿ. ಮೀಟರ್ ಎಷ್ಟು ಆಂಪ್-ಅವರ್ ಎಣಿಸಿದೆ ನೋಡಿ, ಕೂಡಲೇ ಮತ್ತೆ ಚಾರ್ಜಿಗೆ ಹಾಕಿ. ಲೆಡ್ ಬ್ಯಾಟರಿಯ ಈ ಅಂಕಿಯನ್ನು ಹೊಸದರಲ್ಲಿ ಅದೇ ಲೋಡಿಗೆ ಬಂದದ್ದರ ಜೊತೆ ಮಾತ್ರ ಹೋಲಿಸಿ, ಡಬ್ಬಿಯ ಮೇಲಿನದರ ಜೊತೆ ಅಲ್ಲ. ಕಾಲು ಭಾಗ ಕಮ್ಮಿಯಾಗಿದ್ದರೆ ಮೀಟರಿನ ಸಾಮರ್ಥ್ಯದ ಅಂಕಿಯನ್ನೂ ಕಾಲು ಭಾಗ ಇಳಿಸಿ. 150 ಇದ್ದದ್ದು 112 ಆಗಲಿ, ಶೇಕಡಾ 30ಕ್ಕೆ ಕೂಗುವ ಹಾಗೆ ಅಲಾರಂ ಇಡಿ, ಆಮೇಲೆ ದೋಣಿ ನೀರಿಗಿಳಿಸಿ.